ಅಲಗು ಮಸೆದವನು

ಪ್ರಾರ್ಥನೆ ಮುಗಿಯುವುದರೊಳಗೆ ತಾನು ಬಾಯಿ ಬಿಡದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅಣ್ಣ ಒಬ್ಬ ನಿರಪರಾಧಿಯ ಹತ್ತೂ ಬೆರಳು ಮುರಿಯುತ್ತಾನೆ ಎಂಬುದು ಗುಬ್ಬಿಗೆ ಗೊತ್ತಿತ್ತು.

ಗುಬ್ಬಿ ಎಂದರೆ ಸಣ್ಣ ಆಳಲ್ಲ. ಐವತ್ತನಾಲ್ಕು ವರ್ಷ, ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ, ಸಾಣೆಕಲ್ಲಿನ ಧೂಳು ಕುಡಿದು ಒಡೆದುಹೋದ ದನಿ. ಆರು ವರ್ಷದವನಿದ್ದಾಗ ಸೋದರತ್ತೆ ಕರೆದ ಹೆಸರು ಅದು. ಆಳು ಬೆಳೆದ, ಹೆಸರು ಬೆಳೆಯಲಿಲ್ಲ. ಆ ಅತ್ತೆಯನ್ನು ನೆನೆಯುವುದಕ್ಕೆಂದೇ ಆ ದಿನ ಬೀದಿಗೆ ಬೀದಿಯೇ ಪ್ರಾರ್ಥನೆಯ ಮನೆಯ ಬೆಂಚುಗಳ ಮೇಲೆ ಕೂತಿತ್ತು. ಜಾಗ ಸಿಗದವರು ಗೋಡೆಗೆ ಒರಗಿ ನಿಂತಿದ್ದರು.

ಪಕ್ಕದಲ್ಲಿ ಅಣ್ಣ. ಕುಲುಮೆಯ ಕೆಲಸದವನು, ಅವನ ಭಾರಕ್ಕೆ ಬೆಂಚು ಕಿರುಗುಟ್ಟುತ್ತಿತ್ತು. ಅಂಗಿಯ ಕೆಳಗೆ ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡೇ ದೇವರೆದುರು ಬಂದು ಕೂತಿದ್ದ.

"ಮುಗಿದ ತಕ್ಷಣ ಹೊರಡೋದು," ಎಂದು ಗುಬ್ಬಿಯ ಕಿವಿಯಲ್ಲಿ ಅಂದ. "ಆ ಮೂಲೆ ಸಾಣೆಯವನು ಇನ್ನು ಜನ್ಮದಲ್ಲಿ ಚಮಚ ಹಿಡಿಯಬಾರದು. ನೀನು ಬಾಗಿಲಿಗೆ ಅಡ್ಡ ನಿಂತ್ಕೋ ಸಾಕು. ಉಳಿದದ್ದು ನಾನು ನೋಡ್ಕೋತೀನಿ."

"ಇಲ್ಲಿ ಕೂತು ಇಂಥ ಮಾತಾ ಅಣ್ಣ?"

"ದೇವರಿಗೂ ಕೇಳಿಸ್ಲಿ ಅಂತಲೇ ಇಲ್ಲಿ ಹೇಳ್ತಿರೋದು."

ಎರಡು ವಾರದ ಹಿಂದೆ ಹಗ್ಗದಂಗಡಿಯವನು ಹಗ್ಗ ಕೊಯ್ಯುವ ಬಾಗುಗತ್ತಿಯಿಂದ ಅತ್ತೆಯನ್ನು ಕೊಂದಿದ್ದ. ಕತ್ತಿ ಹಳೆಯದು, ಹದ ಮಾತ್ರ ಹೊಸದು. ಅದನ್ನು ಮಸೆದುಕೊಟ್ಟವರು ಯಾರು ಎಂಬುದೇ ಈಗ ಬೀದಿಯ ಪ್ರಶ್ನೆ. ಅತ್ತೆಯ ಸಾಣೆ ಅಂಗಡಿಯಲ್ಲಂತೂ ಸಾಧ್ಯವಿಲ್ಲ. ಕೋಪದಲ್ಲಿ ಬಂದವನ ಅಲಗನ್ನು ಅದೇ ದಿನ ಹದ ಮಾಡಿ ಕೊಡಬಾರದು ಎಂಬ ಕಟ್ಟು ಆ ಅಂಗಡಿಯಲ್ಲಿ ಅಜ್ಜನ ಕಾಲದಿಂದ ಇತ್ತು. ಉಳಿದವನು ಬೀದಿಯ ತುದಿಯ ಮೂಲೆ ಸಾಣೆಯವನೊಬ್ಬನೇ. ಅವನಿಗೆ ಕಟ್ಟೂ ಇಲ್ಲ ಪಾಡೂ ಇಲ್ಲ, ಯಾರು ಏನು ತಂದರೂ ಮಸೆಯುತ್ತಿದ್ದ. ಜನ ಆಗಲೇ ಕಲ್ಲು ಹೊಡೆದು ಅವನ ಅಂಗಡಿಯ ಕಿಟಕಿ ಪುಡಿ ಮಾಡಿದ್ದರು. ನಿಜ ಹೇಳಬಹುದಾಗಿದ್ದವನು ಹಗ್ಗದಂಗಡಿಯವನು. ಆದರೆ ಆ ದಿನವೇ ಅಣ್ಣನ ಸುತ್ತಿಗೆ ಅವನ ದವಡೆಯನ್ನೂ ಎರಡು ಕೈಗಳನ್ನೂ ನುಚ್ಚು ಮಾಡಿತ್ತು. ಓಡುತ್ತಿದ್ದ ಕೊಲೆಗಾರನನ್ನು ಹಿಡಿದದ್ದು ಎಂದು ಪೊಲೀಸರು ಸದ್ಯಕ್ಕೆ ಅಣ್ಣನ ಮೇಲೆ ಕೈ ಹಾಕಿರಲಿಲ್ಲ. ಹಗ್ಗದಂಗಡಿಯವನು ಆಸ್ಪತ್ರೆಯಲ್ಲಿ ಕಾವಲಿನ ನಡುವೆ, ಹಲ್ಲಿಗೆ ತಂತಿ ಬಿಗಿಸಿಕೊಂಡು ಮಲಗಿದ್ದ.

ಪ್ರಾರ್ಥನೆ ನಡೆಸುವ ಹಿರಿಯರು ಎದ್ದು, "ಆ ತಾಯಿಯ ಬಗ್ಗೆ ನಾನೊಬ್ಬನೇ ಮಾತಾಡಿದರೆ ಎದ್ದು ಬಂದು ನನ್ನ ಕಿವಿ ಹಿಂಡಿಯಾಳು. ನಿಮ್ಮಲ್ಲಿ ಯಾರಿಗೆ ಏನು ಹೇಳಬೇಕೋ ಹೇಳಿ," ಎಂದರು.

ಮೊದಲು ಎದ್ದದ್ದು ಬಟ್ಟೆ ಹೊಲಿಯುವ ಹೆಂಗಸು. ಬೀದಿಯಲ್ಲಿ ಅವಳಿಗೆ 'ಮೂರನೇ ಸೊಸೆ' ಎಂದೇ ಹೆಸರು. ಅತ್ತೆಗೆ ಹೆತ್ತ ಮಕ್ಕಳಿರಲಿಲ್ಲ. ಬೀದಿಗೆಲ್ಲ ಅತ್ತೆ, ಸೊಸೆ ಮಾತ್ರ ಒಬ್ಬಳೂ ಇಲ್ಲ ಎಂದು ಯಾರೋ ಹಿಂದೆ ತಮಾಷೆ ಮಾಡಿದ್ದರು. ಅತ್ತೆ ಅದನ್ನು ಹಟಕ್ಕೆ ತೆಗೆದುಕೊಂಡು, ಗಂಡನ ಏಟು ತಾಳಲಾರದೆ ಓಡಿಬಂದ ಹೆಂಗಸರಿಗೆ ಅಂಗಡಿಯ ಮಹಡಿಯಲ್ಲಿ ಜಾಗ ಕೊಟ್ಟು, ಒಬ್ಬೊಬ್ಬರನ್ನೂ ಸೊಸೆ ಎಂದೇ ಕರೆದಳು. ನಲವತ್ತು ವರ್ಷದಲ್ಲಿ ಹದಿನೆಂಟು ಸೊಸೆಯರು.

"ನನ್ನ ಗಂಡ ಕೊಡಲಿ ಹಿಡ್ಕೊಂಡು ಬಂದಿದ್ದ," ಎಂದಳು ಮೂರನೇ ಸೊಸೆ. "ಅತ್ತೆ ಕಲ್ಲು ತಿರುಗಿಸ್ತಾ ಕೂತಿದ್ಲು. ಕೊಡಲಿ ಎತ್ತಿದ ಕೈ ಹಾಗೇ ಇರ್ಲಿ ಅಂತ ಕತ್ತು ಹಿಡಿದು ಬಗ್ಗಿಸಿ, ಕೆನ್ನೇನ ತಿರುಗೋ ಕಲ್ಲಿಗೆ ಒತ್ತಿಬಿಟ್ಲು. ಚರ್ಮ ಸುಟ್ಟ ವಾಸನೆ ಮಹಡಿ ತನಕ ಬಂತು. ಆಮೇಲೆ ಏನಂದ್ಲು ಗೊತ್ತಾ? ಒಂದು ಕಡೆ ನುಣ್ಣಗಾಯ್ತು, ಇನ್ನೊಂದು ಕಡೆಗೆ ಯಾವತ್ತು ಬರ್ತೀಯಪ್ಪ, ಅಂದ್ಲು."

ಸಭೆ ನಕ್ಕಿತು. ಅಳುತ್ತಿದ್ದವರೂ ನಕ್ಕರು.

"ಅದೇ ಸಂಜೆ ಮುಲಾಮಿನ ಡಬ್ಬಿ ಹಿಡಿದು ಅವನ ಮನೆಗೆ ಹೋದ್ಲು. ಹದಿನೈದು ದಿನ ತನ್ನ ಕೈಯಾರೆ ಕಟ್ಟು ಬದಲಾಯಿಸಿದ್ಲು. ಆ ಮನುಷ್ಯ ಆಮೇಲೆ ಯಾರ ಮೇಲೂ ಕೈ ಎತ್ತಿಲ್ಲ. ನೋಡಿ, ಇಲ್ಲೇ ಇದ್ದಾನೆ."

ಒಂದು ಕೆನ್ನೆ ಸುಟ್ಟ ಕಾಗದದಂತೆ ಮುದುರಿಕೊಂಡಿದ್ದ ಮುದುಕನೊಬ್ಬ ಎದ್ದು ನಿಂತ. ಆ ಕೆನ್ನೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ, ಕೈ ಮುಗಿದು ಕೂತ.

ಗುಬ್ಬಿ ಕಣ್ಣು ಮುಚ್ಚಿದ. ಅತ್ತೆ ಎಂದರೆ ಅವನಿಗೆ ಮೊದಲು ನೆನಪಾಗುವುದು ನೆತ್ತರು ತೊಳೆಯುತ್ತಿದ್ದ ಅವಳ ಎಡಗೈ. ತಾಯಿಯಿಲ್ಲದ ಮಕ್ಕಳು ಅವನೂ ಅಣ್ಣನೂ. ಒಳಗೊಳಗೇ ಬಿರುಕು ಬಿಟ್ಟಿದ್ದ ಸಾಣೆಕಲ್ಲು ಒಂದು ಬೆಳಗ್ಗೆ ವೇಗದಲ್ಲಿ ತಿರುಗುತ್ತಿದ್ದಾಗಲೇ ಸಿಡಿದು, ಒಂದು ಹೋಳು ಅಪ್ಪನ ಎದೆಗೂಡಿನೊಳಗೆ ಹೊಕ್ಕಿತು. ಇನ್ನೊಂದು ಗೋಡೆಯ ಗಾರೆ ಕಿತ್ತುಕೊಂಡು ಬೀದಿಗೆ ಹೋಗಿ ಬಿತ್ತು. ಅತ್ತೆ ಆಗ ಗಂಡನ ಮನೆಯಿಂದ ಹೆಗಲ ಮೂಳೆ ಮುರಿಸಿಕೊಂಡು ಬಂದು ಎರಡು ವಾರವಾಗಿತ್ತಷ್ಟೆ. ಬಲಗೈಯನ್ನು ಕುತ್ತಿಗೆಗೆ ಕಟ್ಟಿಕೊಂಡು, ಎಡಗೈಯಲ್ಲಿ ಗೋಡೆ ತೊಳೆದಳು. ಮೂರನೆಯ ದಿನ ಹೊಸ ಕಲ್ಲು ಕೂರಿಸಿ ಅಂಗಡಿ ತೆರೆದಳು. ಗುಬ್ಬಿಗೆ ಮಸೆಯುವುದನ್ನು ಕಲಿಸಿದ್ದೂ ಆ ಎಡಗೈಯೇ. ಅವಳ ಹೆಗಲು ಕೂಡಿಕೊಂಡ ಮೇಲೆ ಅವಳು ಬಲಗೈಗೆ ಹೊರಳಿದಳು, ಅವನಿಗೆ ಮಾತ್ರ ಎಡಗೈ ಅಭ್ಯಾಸ ಉಳಿದುಹೋಯಿತು.

ಕಲ್ಲಿಗಿಂತ ಮೊದಲು ಅವಳು ಕಲಿಸಿದ್ದು ಅಲಗನ್ನು ಕೈಗೆ ತೆಗೆದುಕೊಳ್ಳುವುದನ್ನು. "ಮುಖ ನೋಡ್ಬೇಡ ಗುಬ್ಬಿ, ಮುಖ ನಾಟಕ ಆಡುತ್ತೆ. ಕೈ ನೋಡು. ಕೆಲಸಕ್ಕೆ ಬಂದೋನು ಹಿಡೀನ ನಿನ್ನ ಕಡೆ ಮಾಡಿ ಕೊಡ್ತಾನೆ. ಕೊಲ್ಲೋ ಮನಸ್ಸಿರೋನು ಹಿಡಿ ಬಿಡಲ್ಲ, ಮೊನೇನೇ ನಿನ್ನ ಕಡೆ ಚಾಚ್ತಾನೆ. ಅಂಥೋನಿಗೆ ಕಲ್ಲು ಕಾದಿದೆ, ನಾಳೆ ಬಾ ಅನ್ನು. ಕತ್ತೀನ ಪೆಟ್ಟಿಗೇಲಿ ಹಾಕಿ ಬೀಗ ಹಾಕು." ಬೈಸಿಕೊಂಡಳು, ಉಗುಳಿಸಿಕೊಂಡಳು, ಒಮ್ಮೆ ಪೆಟ್ಟಿಗೆಯ ಮೇಲೇ ಕೂತು ಎರಡು ಹಲ್ಲು ಕಳೆದುಕೊಂಡಳು. ಕಟ್ಟು ಮುರಿಯಲಿಲ್ಲ. ಮಾರನೆಯ ದಿನ ಬಂದವರಲ್ಲಿ ಎಷ್ಟೋ ಜನ ತಲೆ ತಗ್ಗಿಸಿ, ಹಿಡಿ ಮುಂದಾಗಿ ಇಸಿದುಕೊಂಡು ಹೋಗುತ್ತಿದ್ದರು.

ಆ ಕಟ್ಟನ್ನು ಮುರಿದವನು ಗುಬ್ಬಿ.

ಹೆಂಡತಿ ತೀರಿಕೊಂಡು ಎರಡು ವರ್ಷವಾಗಿದ್ದರೂ ಮಹಡಿಯಲ್ಲಿ ಅವಳು ಕೊನೆಯುಸಿರೆಳೆದ ಕೋಣೆಗೆ ಅವನು ಬೀಗ ಹಾಕಿಯೇ ಇಟ್ಟಿದ್ದ. ಹಾಸಿಗೆಯ ಮೇಲಿನ ಸುಕ್ಕು ಕೂಡ ಹಾಗೇ ಇರಬೇಕು ಅವನಿಗೆ. ಹಗ್ಗದಂಗಡಿಯವನ ಹೆಂಡತಿ ಹರಿದ ಕಿವಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಓಡಿಬಂದ ದಿನ ಇನ್ನೊಂದು ಕೋಣೆಯಲ್ಲಿ ಆಗಲೇ ಇಬ್ಬರಿದ್ದರು. ಅತ್ತೆ ಸುತ್ತಿಗೆ ತೆಗೆದುಕೊಂಡು ಆ ಬೀಗ ಒಡೆದಳು. ಹಾಸಿಗೆ ಕೊಡವಿ ಹಾಸಿದಳು. ಸತ್ತವಳ ಬಟ್ಟೆ ತೆಗೆದು ಬಂದವಳಿಗೆ ಉಡಲು ಕೊಟ್ಟಳು.

"ಯಾರನ್ನ ಕೇಳಿ ಬೀಗ ಒಡೆದೆ?" ಎಂದು ಗುಬ್ಬಿ ಮೆಟ್ಟಿಲ ಮೇಲೆ ನಿಂತು ಕೂಗಾಡಿದ್ದ.

"ಬೀಗಾನೇ ಕೇಳಿದೆ. ಬೇಡ ಅನ್ಲಿಲ್ಲ."

"ಅದು ಅವಳ ಹಾಸಿಗೆ ಅತ್ತೆ!"

"ಅವಳು ಬಂದು ಮಲಗೋ ಹಾಗಿದ್ರೆ ನಾನೇ ಹಾಸಿಕೊಡ್ತಿದ್ದೆ. ಅವಳಿಗೆ ದೇವರ ಹತ್ರ ಜಾಗ ಸಿಕ್ಕಿದೆ. ಇವಳಿಗೆ ಎಲ್ಲೂ ಇಲ್ಲ."

ಮೂರು ದಿನ ಅವನು ಅತ್ತೆಯೊಡನೆ ಮಾತು ಬಿಟ್ಟ. ಮೆಟ್ಟಿಲಲ್ಲಿ ಹೆಂಡತಿಯ ಬಟ್ಟೆ ಉಟ್ಟ ಬೇರೊಬ್ಬಳು ಎದುರಾದಾಗಲೆಲ್ಲ ಅವನು ಅರ್ಧದಿಂದಲೇ ಹಿಂದಿರುಗಿ, ಹಲ್ಲು ಕಚ್ಚಿಕೊಂಡು ಕಲ್ಲಿನ ಮುಂದೆ ಕೂರುತ್ತಿದ್ದ. ನಾಲ್ಕನೆಯ ದಿನ ಬೆಳಗ್ಗೆ ಬೇರೆ ಗಿರಾಕಿಗಳು ಬರುವ ಮೊದಲೇ ಹಗ್ಗದಂಗಡಿಯವನು ಬಂದು ನಿಂತ. "ಹಗ್ಗ ಹರೀತಿಲ್ಲ," ಎಂದ. ಬಾಗುಗತ್ತಿಯ ಮೊನೆ ಗುಬ್ಬಿಯ ಎದೆಗೆ ನೇರವಾಗಿತ್ತು. ಹಿಡಿಯನ್ನು ಅವನು ಬೆರಳು ಬಿಳುಪೇರುವಷ್ಟು ಬಿಗಿದಿದ್ದ.

ಗುಬ್ಬಿ ನೋಡಿದ, ಚೆನ್ನಾಗಿಯೇ ನೋಡಿದ. ಆಮೇಲೆ ಕೈ ಚಾಚಿ ಕತ್ತಿ ತೆಗೆದುಕೊಂಡ. ಹೆಂಡತಿಯನ್ನು ಹೆದರಿಸುತ್ತಾನೆ, ಜುಟ್ಟು ಹಿಡಿದು ಎಳೆದುಕೊಂಡು ಹೋಗುತ್ತಾನೆ, ಕೋಣೆ ಖಾಲಿಯಾಗುತ್ತದೆ, ಇಷ್ಟೇ ತನ್ನ ಮನಸ್ಸಿನಲ್ಲಿದ್ದದ್ದು ಎಂದು ಅವನು ಆಮೇಲೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೆ ಹೆದರಿಸುವುದಕ್ಕೆ ಅಷ್ಟು ಹದ ಬೇಕಿರಲಿಲ್ಲ. ಒರಟು ಕಲ್ಲು, ನಯದ ಕಲ್ಲು, ಕೊನೆಗೆ ತೊಗಲಪಟ್ಟಿ. ಮುಂಗೈಯ ಕೂದಲು ಸದ್ದಿಲ್ಲದೆ ಉದುರುವ ತನಕ ಮಸೆದುಕೊಟ್ಟ.

ಹಗ್ಗದಂಗಡಿಯವನು ಪಕ್ಕದ ಓಣಿಯಿಂದ ಮೆಟ್ಟಿಲು ಹತ್ತಿದ. ಕೋಣೆಯ ಬಾಗಿಲಿಗೆ ಎಪ್ಪತ್ತೊಂಬತ್ತರ ಅತ್ತೆ ಎಡಗೈಗೆ ದಪ್ಪ ಕಂಬಳಿ ಸುತ್ತಿಕೊಂಡು ಅಡ್ಡ ನಿಂತಿದ್ದಳು. ನಲವತ್ತು ವರ್ಷ ಎಷ್ಟೋ ಕತ್ತಿಗಳನ್ನು ಅವಳು ತಡೆದದ್ದು ಹಾಗೆಯೇ. ಮೊದಲ ಏಟಿಗೇ ಕಂಬಳಿ ಹರಿಯಿತು, ಕಂಬಳಿಯೊಳಗಿನ ಮುಂಗೈ ಮೂಳೆಯ ತನಕ ಬಿಚ್ಚಿಕೊಂಡಿತು. ಎರಡನೆಯದು ಪಕ್ಕೆಗೆ. ಬಿಟ್ಟಳೇ? ಗಾಯದ ಕೈಯಲ್ಲೇ ಅವನ ಅಂಗಿ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು, ಅವನು ಒಳಗೆ ಹೆಜ್ಜೆ ಇಡದಂತೆ. ಮೂರನೆಯ ಏಟು ಹೊಟ್ಟೆಗೆ ಬಿತ್ತು. ಆಗ ಒಳಗಿದ್ದವಳು ಕಬ್ಬಿಣದ ಕುರ್ಚಿ ಎತ್ತಿ ಗಂಡನ ತಲೆಗೆ ಅಪ್ಪಳಿಸಿದಳು. ಅವನು ಉರುಳುತ್ತ ಕೆಳಗೆ ಬಂದದ್ದು ನೇರ, ಗದ್ದಲ ಕೇಳಿ ಕುಲುಮೆಯಿಂದ ಓಡಿಬಂದಿದ್ದ ಅಣ್ಣನ ಸುತ್ತಿಗೆಯ ಮುಂದಕ್ಕೆ.

ಗುಬ್ಬಿ ಮೇಲೆ ಓಡಿದಾಗ ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಮೆಟ್ಟಿಲಿಂದ ಮೆಟ್ಟಿಲಿಗೆ ನೆತ್ತರು ತೊಟ್ಟಿಕ್ಕುತ್ತಿತ್ತು. ಮಡಿಲಲ್ಲಿ ಬಿದ್ದಿದ್ದ ಕತ್ತಿಯ ಅಲಗಿನ ಮೇಲೆ ಅವಳು ಹೆಬ್ಬೆರಳು ಆಡಿಸುತ್ತಿದ್ದಳು. ಅಲಗಿನ ಇಳಿಜಾರು ಎಡಕ್ಕೆ ವಾಲಿತ್ತು. ಅವಳು ಕಣ್ಣೆತ್ತಿ ಅವನನ್ನು ನೋಡಿದಳು.

"ಚೆನ್ನಾಗಿ ಹದ ಹಾಕಿದ್ದೀಯ ಕಣೋ ಗುಬ್ಬಿ," ಎಂದಳು.

ಬೈಗುಳವೋ, ಕ್ಷಮೆಯೋ, ಕಲಿಸಿದವಳ ಮೆಚ್ಚುಗೆಯೋ, ಅದು ದೇವರಿಗೇ ಗೊತ್ತು. ಬೇರೆ ಯಾರೂ ಕೇಳಿಸಿಕೊಳ್ಳಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಜೀವ ಹೋಯಿತು. ಕತ್ತಿ ಮೊಂಡಾಗಿದ್ದರೆ ಆ ಕಂಬಳಿಯೇ ತಡೆಯುತ್ತಿತ್ತು ಎಂದು ವೈದ್ಯರು ಹೇಳಿದಾಗ ಅಣ್ಣ ಗೋಡೆಗೆ ಗುದ್ದಿ ಮುಷ್ಟಿ ಒಡೆದುಕೊಂಡ. ಮಸೆದವನು ಯಾರು ಎಂದು ಮೊದಲು ಕೇಳಿದವನು ಅವನೇ. ಗುಬ್ಬಿ ಸುಮ್ಮನಿದ್ದ. ಸುಮ್ಮನಿದ್ದು ಸುಮ್ಮನಿದ್ದು ಹದಿನಾಲ್ಕು ದಿನವಾಯಿತು.

ಸಭೆಯಲ್ಲಿ ಈಗ ಮೂಟೆ ಹೊರುವವನೊಬ್ಬ ಅತ್ತೆ ತನ್ನನ್ನು ಉರುಳಿದ ಗಾಡಿಯ ಕೆಳಗಿನಿಂದ ಎಳೆದದ್ದನ್ನು ಹೇಳುತ್ತಿದ್ದ. ಮಾತು ಅರ್ಧದಲ್ಲಿ ನಿಂತಿತು. ಹಿಂದಿನ ಬಾಗಿಲಿನಿಂದ ಮೂಲೆ ಸಾಣೆಯವನು ಒಳಗೆ ಬಂದಿದ್ದ. ಒಗೆದ ಅಂಗಿ ತೊಟ್ಟು, ಟೋಪಿಯನ್ನು ಎದೆಗೆ ಒತ್ತಿ ಹಿಡಿದಿದ್ದ. ಹಣೆಯ ಮೇಲೆ ಕಲ್ಲೇಟಿನ ಗಾಯ ಇನ್ನೂ ಹಸಿಯಾಗಿತ್ತು.

"ಆ ತಾಯಿ ನನಗೂ ಒಂದು ದಿನ ಊಟ ಹಾಕಿದ್ಲು," ಎಂದ ಅವನು, ಯಾರೂ ಕೇಳುವ ಮೊದಲೇ. "ಅಂಗಡಿ ಹಾಕಿದ ಮೊದಲನೇ ದಿನ. ಕೈ ಮುಗಿದು ಹೋಗ್ತೀನಿ, ಅಷ್ಟೇ."

"ಇವನೇ ಬಂದ ನೋಡು," ಎಂದು ಅಣ್ಣ ಎದ್ದ. "ಹುಡುಕೋ ಕಷ್ಟ ತಪ್ಪಿತು."

ಸುತ್ತಿಗೆ ಕೈಗೆ ಬಂದಿತ್ತು. ಹಿರಿಯರು ಎರಡೂ ಕೈ ಚಾಚಿ, "ಇದು ದೇವರ ಮನೆಯಪ್ಪಾ," ಎಂದು ಎದುರು ಬಂದರು. ಅಣ್ಣ ಅವರನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ತಳ್ಳಿದ. ಅವರು ಬೆಂಚಿನ ಮೇಲೆ ಬಿದ್ದರು. ಜನ ದಾರಿ ಬಿಟ್ಟರು. ಬಿಡದೆ ಏನು, ಅವರಿಗೂ ಅದೇ ಬೇಕಾಗಿತ್ತು. ಅಣ್ಣ ಮೂಲೆ ಸಾಣೆಯವನ ಮಣಿಕಟ್ಟು ಹಿಡಿದು ಅಂಗೈಯನ್ನು ಬೆಂಚಿನ ಹಲಗೆಗೆ ಒತ್ತಿದ.

"ನಾನಲ್ಲ! ದೇವರಾಣೆ ನಾನಲ್ಲ!"

"ಬೆರಳು ಬಿಡಿಸು."

"ಮಸೆದವನು ನಾನು ಅಣ್ಣ," ಎಂದ ಗುಬ್ಬಿ.

ಒಡೆದ ದನಿ, ದೊಡ್ಡದಾಗಿಯೇನೂ ಹೇಳಿರಲಿಲ್ಲ. ಆದರೂ ಮನೆಯೆಲ್ಲ ಕೇಳಿಸಿತು. ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು.

"ದುಃಖಕ್ಕೆ ತಲೆ ಕೆಟ್ಟಿದೆ ನಿನಗೆ. ಕೂತ್ಕೋ."

"ಪೊಲೀಸರ ಹತ್ರ ಇರೋ ಕತ್ತಿ ನೋಡು ಹೋಗು. ಅಲಗು ಎಡಕ್ಕೆ ಇಳಿದಿದೆ. ಈ ಬೀದೀಲಿ ಎಡಗೈಲಿ ಮಸೆಯೋನು ಇನ್ನು ಯಾರಿದ್ದಾರೆ?" ಗುಬ್ಬಿ ತನ್ನ ಎಡಗೈ ಎತ್ತಿ ತೋರಿಸಿದ. "ಮೊನೆ ನನ್ನ ಕಡೆ ಮಾಡಿ ಕೊಟ್ಟ. ನೋಡಿದೆ. ನೋಡಿಯೇ ಮಸೆದೆ."

ಕುಲುಮೆಯಲ್ಲಿ ನಲವತ್ತು ವರ್ಷ ಅಲಗು ಬಡಿದವನಿಗೆ ಇನ್ನೊಂದು ಮಾತು ಬೇಕಿರಲಿಲ್ಲ. ಅಣ್ಣ ಸುತ್ತಿಗೆಯನ್ನು ನೆಲಕ್ಕೆ ಹಾಕಿದ. ಬರಿಗೈಯಲ್ಲಿ ಹೊಡೆಯಬೇಕೆನ್ನಿಸಿತೋ ಏನೋ. ಮೊದಲ ಗುದ್ದಿಗೆ ಗುಬ್ಬಿಯ ಮೂಗು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೆಯದಕ್ಕೆ ಮುಂದಿನ ಹಲ್ಲುಗಳು ಹೋದವು. ಬಿದ್ದವನ ಎದೆಯ ಮೇಲೆ ಮಂಡಿಯೂರಿ ಅಣ್ಣ ಹೊಡೆದ, ಅಳುತ್ತ ಹೊಡೆದ, "ಆರು ವರ್ಷದ ನಿನ್ನನ್ನ ಮಡಿಲಲ್ಲಿ ಹಾಕ್ಕೊಂಡು ಸಾಕಿದವಳು ಕಣೋ!" ಎಂದು ಕೂಗುತ್ತ ಹೊಡೆದ. ಗುಬ್ಬಿ ಕೈ ಅಡ್ಡ ತರಲಿಲ್ಲ. ಬೆಂಚಿನ ಸಾಲಿನಿಂದ ಒಬ್ಬರೂ ಕದಲಲಿಲ್ಲ. ಮೂರನೇ ಸೊಸೆ ಕೂಡ "ಹೊಡಿ" ಎಂದಳು.

ಮೂಲೆ ಸಾಣೆಯವನು ಮಾತ್ರ ತನ್ನ ಹತ್ತು ಬೆರಳನ್ನೂ ಒಮ್ಮೆ ಎಣಿಸಿದಂತೆ ನೋಡಿಕೊಂಡು, "ನಾನಿನ್ನು ಕೂತ್ಕೋಬಹುದಾ?" ಎಂದು ಕೇಳಿದ. ಯಾರೂ ಉತ್ತರ ಕೊಡದ್ದರಿಂದ ನಿಂತೇ ಇದ್ದ.

"ಸಾಕು ನಿಲ್ಲಿಸಿ," ಎಂದು ಒಂದು ಹೆಣ್ಣು ದನಿ ಹೇಳಿತು.

ಹಗ್ಗದಂಗಡಿಯವನ ಹೆಂಡತಿ. ಇಷ್ಟು ಹೊತ್ತೂ ಅವಳು ಹೆಂಗಸರ ಕೊನೆಯ ಸಾಲಿನಲ್ಲಿ, ತನ್ನಿಂದಾಗಿಯೇ ಅತ್ತೆ ಹೋದಳೆಂದು ಜನ ಅಂದುಕೊಂಡಾರು ಎಂದು ತಲೆ ಎತ್ತದೆ ಕೂತಿದ್ದಳು. ಹೊಲಿಗೆ ಹಾಕಿದ ಕಿವಿಯ ಮೇಲೆ ಬಿಳಿ ಪಟ್ಟಿ. ನಡುವಿನ ದಾರಿಯಲ್ಲಿ ನಡೆದು ಬಂದು ಅಣ್ಣನ ಹೆಗಲು ತಟ್ಟಿದಳು.

"ಏಳಿ. ನೀವು ಅತ್ತೆಗೋಸ್ಕರ ಹೊಡೀತಿದ್ದೀರಿ. ನನ್ನದೊಂದು ಮಾತಿದೆ, ಕೇಳ್ತೀನಿ."

ಅಣ್ಣ ಏದುಸಿರು ಬಿಡುತ್ತ ಎದ್ದ. ಅವಳು ಗುಬ್ಬಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಆ ಕತ್ತೀನ ಅತ್ತೆಗೆ ಅಂತ ಮಸೆದೆಯಾ?"

"ಇಲ್ಲ." ಬಾಯಿಂದ ಮಾತಿಗಿಂತ ನೆತ್ತರು ಹೆಚ್ಚು ಬಂತು.

"ಮತ್ತೆ ಯಾರಿಗೆ?"

ಹದಿನಾಲ್ಕು ದಿನ ಗುಬ್ಬಿ ದೇವರ ಮುಂದೆ ಮಂಡಿಯೂರಿದ್ದ. ಅತ್ತೆಯನ್ನು ಕೊಂದೆ, ಅತ್ತೆಯನ್ನು ಕೊಂದೆ ಎಂದು ಎದೆ ಬಡಿದುಕೊಂಡಿದ್ದ. ಅತ್ತೆ ಅಡ್ಡ ಬರದಿದ್ದರೆ ಏನಾಗುತ್ತಿತ್ತು ಎಂದು ಒಂದು ಸಲವೂ ಅವನು ಕೇಳಿಕೊಂಡಿರಲಿಲ್ಲ. ಅವನ ಪ್ರಾರ್ಥನೆಯಲ್ಲಿ ಈ ಹೆಂಗಸು ಇರಲೇ ಇಲ್ಲ. ಈಗ ಹತ್ತಿರದಿಂದ ಅವಳ ಮುಖ ಕಂಡಿತು. ಮೂವತ್ತೂ ದಾಟದ ಮುಖ. ಕಣ್ಣು ಅವನ ಮೇಲಿಂದ ಕದಲಲಿಲ್ಲ.

"ನಿಮಗೆ," ಎಂದ.

ಅವಳು ಅವನ ಕೆನ್ನೆಗೆ ಹೊಡೆದಳು, ಮುರಿದ ಮೂಗಿನ ಕಡೆಗೇ, ಪೂರ್ತಿ ಕೈ ಬೀಸಿ. ಒಂದೇ ಏಟು. ಅಣ್ಣನ ಇಪ್ಪತ್ತು ಗುದ್ದಿಗೆ ಬಾಯಿ ಬಿಡದ ಗುಬ್ಬಿ ಆ ಒಂದು ಏಟಿಗೆ ಮಗುವಿನಂತೆ ಕೂಗಿ ಅತ್ತ.

"ಪೊಲೀಸರ ಮುಂದೆ ಇದನ್ನ ಹೇಳ್ತೀಯಾ?"

"ಹೇಳ್ತೀನಿ. ನಾಳೆ ಬೆಳಗ್ಗೇನೇ..."

"ನಾಳೆ ಯಾಕೆ? ನಿನ್ನ ಕಲ್ಲು ಕಾದಿದೆಯಾ? ಎದ್ದೇಳು. ನಾನೂ ಬರ್ತೀನಿ, ದಾರೀಲಿ ಮನಸ್ಸು ತಿರುಗಿಬಿಟ್ಟೀತು."

ಹಿರಿಯರು ಬೆಂಚಿನಿಂದ ಎದ್ದು ಬಂದು, ಗುಬ್ಬಿಯ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿದರು. ಅವನ ತಲೆಯ ಮೇಲೆ ಒಮ್ಮೆ ಕೈಯಿಟ್ಟರು. ಅಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಗುಬ್ಬಿ ಹಾದುಹೋಗುವಾಗಲೂ ತಿರುಗಲಿಲ್ಲ.

ಹೊರಗೆ ಬಿಸಿಲು ಏರಿತ್ತು. ಮುಂದೆ ಗುಬ್ಬಿ, ನಾಲ್ಕು ಹೆಜ್ಜೆಗೊಮ್ಮೆ ನೆತ್ತರು ಉಗುಳುತ್ತ. ಹಿಂದೆ ಎರಡು ಮಾರು ಬಿಟ್ಟು ಅವಳು. ಅವನು ಒಮ್ಮೆ ಕಾಲು ಜಾರಿ ಕಲ್ಲುಹಾಸಿನ ಮೇಲೆ ಬಿದ್ದ. ಅವಳು ಎಬ್ಬಿಸಲಿಲ್ಲ, ಬಿಟ್ಟು ಮುಂದೆಯೂ ಹೋಗಲಿಲ್ಲ. ಏಳುವ ತನಕ ನಿಂತಿದ್ದಳು. ಅಂಗಡಿಗಳವರು ಬಾಗಿಲಿಗೆ ಬಂದು ನೋಡಿದರು.

ಠಾಣೆಯಲ್ಲಿ ಮೇಜಿನ ಹಿಂದೆ ಕೂತಿದ್ದ ಪೊಲೀಸಿನವನು ಗುಬ್ಬಿಯ ಮುಖ ಕಂಡು ತಟ್ಟನೆ ಎದ್ದು ನಿಂತ. "ಅಯ್ಯೋ, ಯಾರಪ್ಪಾ ಹೀಗೆ ಜಜ್ಜಿದ್ದು? ಕೂತ್ಕೋ, ಕೂತ್ಕೋ. ದೂರು ಯಾರ ಮೇಲೆ?"

"ನನ್ನ ಮೇಲೆ," ಎಂದ ಗುಬ್ಬಿ.

ಪೊಲೀಸಿನವನಿಗೆ ಅರ್ಥವಾಗಲಿಲ್ಲ. ಹಿಂದೆ ನಿಂತಿದ್ದ ಹೆಂಗಸಿನ ಕಡೆ ನೋಡಿದ. ಅವಳು ಗೋಡೆಯ ಪಕ್ಕದ ಕುರ್ಚಿ ಎಳೆದುಕೊಂಡು, ಬಾಗಿಲಿಗೂ ಗುಬ್ಬಿಗೂ ನಡುವೆ ಹಾಕಿ ಕೂತಳು.

"ಬರ್ಕೊಳ್ಳಿ," ಎಂದಳು. "ನಿಧಾನಕ್ಕೆ ಹೇಳ್ತಾನೆ. ಹಲ್ಲು ಹೋಗಿದೆ."